ಹೂ ಬಿಡದ ಕ್ರೇಪ್ ಮರ್ಟಲ್: ಒಂದೇ ಮರದ 4 ಕೊಂಬೆಗಳು ಹೇಳಿದ ಕಾರಣ

ಪಕ್ಕದ ಮನೆಯ ಅಕ್ಕ ಬೇಲಿಯ ಹತ್ತಿರ ನಿಂತು ಕರೆದರು. "ಈ ಮರ ತೆಗೆಸಿಬಿಡೋಣ ಅಂತ ಇದ್ದೀವಿ. ಅದಕ್ಕೂ ಮೊದಲು ನೀವು ಒಂದ್ಸಲ ನೋಡ್ತೀರಾ?"

ಮರ ಅಂದರೆ ಅವರ ಅಂಗಳದ ಮೂಲೆಯ ಕ್ರೇಪ್ ಮರ್ಟಲ್. ನೆಟ್ಟು 9 ವರ್ಷ ಆಗಿತ್ತು. ಬುಡದಿಂದಲೇ 5 ಕಾಂಡಗಳಾಗಿ ಎದ್ದ, ಗುಲಾಬಿ ಬಣ್ಣದ ಹೂವಿನ ಮರ. ಮೊದಮೊದಲು ಅದು ಹೂ ಬಿಟ್ಟರೆ ಎಲೆಯೇ ಕಾಣುತ್ತಿರಲಿಲ್ಲ. ನಮ್ಮ ಕಿಟಕಿಯಿಂದ ಅದನ್ನು ನೋಡುತ್ತಾ ನಾನು ಎಷ್ಟೋ ಹೊತ್ತು ನಿಂತಿದ್ದುಂಟು. ಆದರೆ ಹಿಂದಿನ 2 ಬೇಸಿಗೆಯಲ್ಲಿ ಹೂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇದು ಮೂರನೇ ಬೇಸಿಗೆ. ಮೊಗ್ಗು ಬಂದಿದ್ದವು, ಅರಳುತ್ತಿರಲಿಲ್ಲ. ಎಳೆಯ ಎಲೆಗಳ ಮೇಲೆ ಬಿಳಿ ಬೂದಿ. ಕೆಳಗಿನ ಎಲೆಗಳು ಮಸಿ ಬಳಿದ ಹಾಗೆ ಕಪ್ಪಾಗಿದ್ದವು.

ಈ ಒಂದು ಮರದ ಕತೆಯನ್ನು ಪೂರ್ತಿ ಬರೆದಿಡಬೇಕು ಅನಿಸಿತು. ಯಾಕೆಂದರೆ ಮನೆಯಂಗಳದ ಕ್ರೇಪ್ ಮರ್ಟಲ್‌ಗೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿ ಒಟ್ಟಿಗೇ ಇದ್ದವು. ಕಾರಣವನ್ನು ಹುಡುಕಿದ್ದು ಪ್ರಯೋಗಾಲಯದಲ್ಲಿ ಅಲ್ಲ, ಮರದ ಕೊಂಬೆಗಳಲ್ಲೇ.

ಮರದ ಬಗ್ಗೆ ಎರಡು ಮಾತು

ಇದರ ಸಸ್ಯಶಾಸ್ತ್ರದ ಹೆಸರು ಲ್ಯಾಜರ್‌ಸ್ಟ್ರೋಮಿಯಾ ಇಂಡಿಕಾ. ಸಸ್ಯವಿಜ್ಞಾನಿ ಲಿನೇಯಸ್ 1759ರಲ್ಲಿ ಇಟ್ಟ ಹೆಸರು. ತನಗೆ ಗಿಡಗಳನ್ನು ತರಿಸಿಕೊಡುತ್ತಿದ್ದ ಸ್ವೀಡನ್ನಿನ ವ್ಯಾಪಾರಿ ಮ್ಯಾಗ್ನಸ್ ಲಾಗರ್‌ಸ್ಟ್ರೋಮ್ ನೆನಪಿಗೆ ಆ ಕುಲಕ್ಕೆ ಅವನ ಹೆಸರನ್ನೇ ಕೊಟ್ಟ. ನಮಗೆ ಗೊತ್ತಿರುವ ಹೊಳೆದಾಸವಾಳವೂ, ನಂದಿ ಮರವೂ ಇದೇ ಕುಲದವು. ಹೊಳೆದಾಸವಾಳದ ಹೂವನ್ನು ಹತ್ತಿರದಿಂದ ನೋಡಿದವರಿಗೆ ಕ್ರೇಪ್ ಮರ್ಟಲ್ ಹೂವಿನ ಸುಕ್ಕು ಹೊಸದಲ್ಲ. ಅದೇ ಮುದುರಿದ ಕಾಗದದಂಥ ಎಸಳು, ಗಾತ್ರ ಮಾತ್ರ ಚಿಕ್ಕದು.

ಈ ಪ್ರಕರಣಕ್ಕೆ ಬೇಕಾದ ಮುಖ್ಯ ವಿಷಯ ಬೇರೆ ಇದೆ. ಕ್ರೇಪ್ ಮರ್ಟಲ್ ಹೂ ಬಿಡುವುದು ಆ ವರ್ಷ ಬೆಳೆದ ಹೊಸ ರೆಂಬೆಯ ತುದಿಯಲ್ಲಿ. ಹಳೆಯ ಕೊಂಬೆಯ ಮೇಲಲ್ಲ. ಚಳಿಗಾಲದಲ್ಲಿ ಎಲೆ ಉದುರಿಸಿ ನಿಲ್ಲುತ್ತದೆ. ಬಿಸಿಲು ಏರಿದಾಗ ಚಿಗುರುತ್ತದೆ. ಆ ಚಿಗುರು ಬೆಳೆದು, ಬಲಿತು, ತುದಿಯಲ್ಲಿ ಗೊಂಚಲು ಕಟ್ಟುತ್ತದೆ. ಈ ಒಂದು ಸಂಗತಿಯನ್ನು ಅರ್ಧ ತಿಳಿದುಕೊಂಡಿದ್ದೇ ಈ ಮರದ ಕಷ್ಟಕ್ಕೆ ಶುರು.

ಮೊದಲು ಏನೇನು ಮಾಡಿದ್ದರು

ಅಕ್ಕನ ಮನೆಯಲ್ಲಿ ಭಾವನವರಿಗೆ ಅಂಗಳದ ಕೆಲಸ ಅಂದರೆ ಪ್ರಾಣ. ಅವರನ್ನು ಕೂರಿಸಿಕೊಂಡು ಎಲ್ಲವನ್ನೂ ಕೇಳಿದೆ. ಅವರು ಏನನ್ನೂ ಮುಚ್ಚಿಡಲಿಲ್ಲ.

ಮರ ಐದನೇ ವರ್ಷಕ್ಕೆ ಮಾಳಿಗೆಯ ಎತ್ತರಕ್ಕೆ ಬಂತು. ಒಂದು ಕೊಂಬೆ ಮಲಗುವ ಕೋಣೆಯ ಕಿಟಕಿಗೆ ತಾಗುತ್ತಿತ್ತು. ಗಾಳಿ ಬಂದಾಗ ರಾತ್ರಿಯೆಲ್ಲ ಗಾಜಿಗೆ ಉಜ್ಜುವ ಸದ್ದು. "ಹೇಗೂ ಹೊಸ ಚಿಗುರಿನಲ್ಲೇ ಹೂ ಬಿಡುತ್ತೆ ಅಂದ್ರು. ಹಾಗಾದ್ರೆ ಜಾಸ್ತಿ ಕತ್ತರಿಸಿದಷ್ಟೂ ಜಾಸ್ತಿ ಹೂ ಬರಬೇಕಲ್ವಾ?" ಅಂತ ಭಾವ ಕೇಳಿದರು. ಲೆಕ್ಕ ಸರಿಯಾಗೇ ಇದೆ ಅನಿಸುತ್ತದೆ. ಹಾಗಾಗಿ ಚಳಿ ಮುಗಿಯುವ ಹೊತ್ತಿಗೆ ಏಣಿ ಹಾಕಿ, ಎಲ್ಲ ಕಾಂಡಗಳನ್ನೂ ಭುಜದೆತ್ತರಕ್ಕೆ ಗರಗಸದಲ್ಲಿ ಕೊಯ್ದರು. ಮುಂದಿನ ವರ್ಷವೂ ಅದೇ ಜಾಗದಲ್ಲಿ ಕೊಯ್ದರು. ಅದರ ಮುಂದಿನ ವರ್ಷವೂ. ಒಟ್ಟು 4 ಸಲ.

ಮೊದಲ ಸಲ ಕೊಯ್ದ ವರ್ಷ ದೊಡ್ಡ ದೊಡ್ಡ ಗೊಂಚಲು ಬಂದವು. ಎಲ್ಲರಿಗೂ ಸಂತೋಷ. ಒಂದು ಜೋರು ಮಳೆ ಬಂದದ್ದೇ ತಡ, ತೆಳ್ಳಗೆ ಉದ್ದುದ್ದ ಬೆಳೆದಿದ್ದ ರೆಂಬೆಗಳು ನೀರು ಕುಡಿದ ಗೊಂಚಲಿನ ಭಾರ ತಡೆಯಲಾರದೆ ನೆಲಕ್ಕೆ ಬಾಗಿದವು. ಕೆಲವು ಬುಡದಲ್ಲೇ ಸೀಳಿ ಬಿದ್ದವು. ಆಮೇಲೆ ವರ್ಷವರ್ಷವೂ ಹೂ ಇಳಿಯುತ್ತಾ ಬಂತು.

ಹೂ ಕಡಿಮೆಯಾದದ್ದು ಕಂಡು ಗೊಬ್ಬರ ಹೆಚ್ಚಿಸಿದರು. ಬುಡಕ್ಕೆ ವರ್ಷಕ್ಕೆ 2 ಸಲ ಕೊಟ್ಟಿಗೆ ಗೊಬ್ಬರ. ಸುತ್ತಲಿನ ಹುಲ್ಲುಹಾಸಿಗೆ ಹಾಕುತ್ತಿದ್ದ ಸಾರಜನಕದ ಗೊಬ್ಬರ ಬೇರೆ. ಹುಲ್ಲಿಗೆ ದಿನಾ ನೀರು ಬಿಡುತ್ತಿದ್ದುದರಿಂದ ಮರಕ್ಕೂ ದಿನಾ ನೀರು. ಎಲೆ ಮೇಲೆ ಬೂದಿ ಕಂಡಾಗ ಶಿಲೀಂಧ್ರದ ಔಷಧಿ ಹೊಡೆದರು. ಎಲೆ ಅಂಟಂಟಾದಾಗ ಕೀಟದ ಔಷಧಿ ಹೊಡೆದರು. ಬೂದಿ ಒಂದೆರಡು ವಾರ ಹೋಗಿ ಮತ್ತೆ ಬರುತ್ತಿತ್ತು.

ಇಷ್ಟೆಲ್ಲ ಕಾಳಜಿ ಮಾಡಿದವರಿಗೆ "ನೀವೇ ಕೆಡಿಸಿದ್ದು" ಅಂತ ಹೇಳಲು ಬಾಯಿ ಬರುವುದಿಲ್ಲ. ಹಾಗೆ ಹೇಳುವುದು ಸರಿಯೂ ಅಲ್ಲ.

ಮೊದಲ ನೋಟ, ತಪ್ಪು ಊಹೆ

ನಾನೂ ಮೊದಲ ದಿನ ಬೂದಿಯನ್ನೇ ನೋಡಿದೆ. ಕಣ್ಣಿಗೆ ಹೊಡೆಯುವುದು ಅದೇ. ಒಂದು ಮೊಗ್ಗು ಕಿತ್ತು ಉಗುರಿನಲ್ಲಿ ಬಿಡಿಸಿದೆ. ಚೆನ್ನಾಗಿರುವ ಮೊಗ್ಗು ಬಟಾಣಿಗಿಂತ ಸ್ವಲ್ಪ ಸಣ್ಣ ಹಸಿರು ಗುಂಡು. ಮೇಲೆ 6 ಸಣ್ಣ ಗೆರೆಗಳಿರುತ್ತವೆ. ಅರಳುವಾಗ ಆ ಗೆರೆಗಳಲ್ಲೇ ಬಿಚ್ಚಿಕೊಳ್ಳುತ್ತದೆ. ಈ ಮೊಗ್ಗಿನ ಮೇಲೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಪದರ. ಗೆರೆಗಳು ಬಿಗಿದುಕೊಂಡಿದ್ದವು. ಒಳಗೆ ಎಸಳುಗಳು ಮಡಿಚಿಟ್ಟ ಬಟ್ಟೆಯ ಹಾಗೆ ಇದ್ದವು, ಅಂಚು ಕಂದು ತಿರುಗಿತ್ತು. ಅಂದರೆ ಹೂ ಕಟ್ಟಿದೆ, ಹೊರಗೆ ಬರಲಾರದೆ ಒಳಗೇ ಒಣಗುತ್ತಿದೆ.

ಹಾಗಾಗಿ ಬೂದಿ ರೋಗವೇ ಕಾರಣ, ಸರಿಯಾದ ಔಷಧಿ ಸರಿಯಾದ ಸಮಯಕ್ಕೆ ಹೊಡೆದರೆ ಸಾಕು ಅಂತ ಹೇಳಿ ಮನೆಗೆ ಬಂದೆ. ಅದು ತಪ್ಪು. ಪೂರ್ತಿ ತಪ್ಪಲ್ಲ, ಆದರೆ ನಾನು ಕೊನೆಯ ಕೊಂಡಿಯನ್ನು ಮೊದಲನೆಯದು ಅಂದುಕೊಂಡಿದ್ದೆ.

ಅದು ತಿಳಿದದ್ದು ಮರುದಿನ. ಅವರ ಅಂಗಳದ ಸಾಮಾನು ಶೆಡ್ಡಿನ ಹಿಂದೆ ನಿಂತಿದ್ದಾಗ ತಲೆ ಎತ್ತಿ ನೋಡಿದೆ. ಶೆಡ್ಡಿನ ತಗಡಿನ ಮೇಲೆ ಚಾಚಿಕೊಂಡಿದ್ದ ಒಂದು ಕೊಂಬೆಯಲ್ಲಿ 3 ಗೊಂಚಲು ಪೂರ್ತಿ ಅರಳಿದ್ದವು. ಗಾಢ ಗುಲಾಬಿ. ಎಲೆ ಹೊಳೆಯುತ್ತಿತ್ತು. ಬೂದಿಯ ಸುಳಿವೇ ಇಲ್ಲ. ಅಂಗಳದ ಕಡೆಯಿಂದ ನೋಡಿದರೆ ಅದು ಕಾಣುತ್ತಲೇ ಇರಲಿಲ್ಲ. ಭಾವನನ್ನು ಕರೆದು ತೋರಿಸಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಲ್ಲಿಗೆ ಏಣಿ ನಿಲ್ಲಲ್ಲ. ಹಾಗಾಗಿ ಅದೊಂದನ್ನ ಬಿಟ್ಟಿದ್ದೆ" ಅಂದರು.

ನಾಲ್ಕು ಕೊಂಬೆ

ಇಲ್ಲಿಂದ ಯೋಚನೆ ಬೇರೆ ದಾರಿ ಹಿಡಿಯಿತು. ಅದೇ ಬೇರು, ಅದೇ ಮಣ್ಣು, ಅದೇ ನೀರು, ಅದೇ ಗೊಬ್ಬರ. ತಳಿಯಂತೂ ಒಂದೇ. ಬೂದಿ ರೋಗ ತಡೆಯಲಾಗದ ತಳಿ ಅನ್ನುವುದಷ್ಟೇ ಕಾರಣವಾಗಿದ್ದರೆ ಈ ಕೊಂಬೆಗೂ ಬರಬೇಕಿತ್ತು. ಬಂದಿಲ್ಲ. ಹಾಗಾದರೆ ಈ ಕೊಂಬೆಗೆ ಏನು ಬೇರೆ?

ಎರಡು ವಿಷಯ ಬೇರೆ ಇದ್ದವು. ಇದಕ್ಕೆ ಗರಗಸ ತಾಗಿಲ್ಲ. ಜೊತೆಗೆ ಇದು ಬಿಸಿಲಿನಲ್ಲಿದೆ. ಎರಡರಲ್ಲಿ ಯಾವುದು ಹೂ ತಂದಿತು ಅಂತ ಈ ಒಂದು ಕೊಂಬೆ ನೋಡಿ ಹೇಳಲಾಗುವುದಿಲ್ಲ. ಹಾಗಾಗಿ ಇನ್ನೂ 2 ಬಗೆಯ ಕೊಂಬೆ ಹುಡುಕಬೇಕಾಯಿತು: ಕೊಯ್ದದ್ದು ಆದರೆ ಬಿಸಿಲಿನಲ್ಲಿರುವುದು, ಕೊಯ್ಯದೇ ಬಿಟ್ಟದ್ದು ಆದರೆ ನೆರಳಿನಲ್ಲಿರುವುದು. ಕೊಯ್ದು ನೆರಳಿನಲ್ಲಿದ್ದವು ಹೇಗೂ ಮರದ ತುಂಬಾ ಇದ್ದವು.

ಬಿಸಿಲು ಯಾವ ಕಡೆ ಎಷ್ಟು ಅನ್ನುವುದನ್ನು ಅಂದಾಜಿನಲ್ಲಿ ಹೇಳಬಾರದು. ಕಣ್ಣು ಇದರಲ್ಲಿ ತುಂಬಾ ಮೋಸ ಮಾಡುತ್ತದೆ. ಒಂದು ರಜೆಯ ದಿನ ಅಕ್ಕನ ಮಗಳು ಒಂದು ಬುಟ್ಟಿ ಬೆಣಚುಕಲ್ಲು ಹಿಡಿದುಕೊಂಡು ಕೂತಳು. ಬೆಳಗ್ಗೆಯಿಂದ ಸಂಜೆಯವರೆಗೆ ಗಂಟೆಗೊಂದು ಸಲ ಮರದ ಸುತ್ತ ನೆರಳಿನ ಅಂಚಿಗೆ ಕಲ್ಲು ಇಟ್ಟಳು. ಯಾವ ಕೊಂಬೆ ಮೇಲೆ ಬಿಸಿಲಿದೆ ಅಂತಲೂ ಬರೆದುಕೊಂಡಳು. ಬೆಳಗ್ಗೆ 9ರವರೆಗೆ ಮನೆಯ ನೆರಳು. ಮಧ್ಯಾಹ್ನ 12 ದಾಟುತ್ತಿದ್ದಂತೆ ಪಡುವಣ ಕಡೆಯ ದೊಡ್ಡ ಮರದ ನೆರಳು ಬಂದು ಮುಚ್ಚಿತು. ಅಂಗಳದ ಕಡೆಯ ಕೊಂಬೆಗಳಿಗೆ ಸಿಕ್ಕಿದ್ದು 3 ಗಂಟೆಯ ನೇರ ಬಿಸಿಲು. ಶೆಡ್ಡಿನ ಕಡೆಯ ಕೊಂಬೆಗಳಿಗೆ 4 ಗಂಟೆಯವರೆಗೂ ಬಿಸಿಲಿತ್ತು, ಅಂದರೆ 7 ಗಂಟೆ. ಕ್ರೇಪ್ ಮರ್ಟಲ್‌ಗೆ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು. 8 ಗಂಟೆ ಸಿಕ್ಕರೆ ಇನ್ನೂ ಒಳ್ಳೆಯದು.

ಆ ದೊಡ್ಡ ಮರ 9 ವರ್ಷದ ಹಿಂದೆ ಇಷ್ಟು ದೊಡ್ಡದಿರಲಿಲ್ಲ. ನೆಡುವಾಗ ಆ ಮೂಲೆ ಒಳ್ಳೆಯ ಬಿಸಿಲಿನ ಮೂಲೆಯೇ ಆಗಿತ್ತು. ನೆರಳು ವರ್ಷಕ್ಕೆ ಒಂದಿಷ್ಟೇ ಹತ್ತಿರ ಬರುತ್ತದೆ. ದಿನಾ ನೋಡುವವರಿಗೆ ಅದು ಗೊತ್ತಾಗುವುದಿಲ್ಲ.

ಈಗ ಕೊಂಬೆಗಳನ್ನು ಜೋಡಿಸಿ ನೋಡಿದೆವು. ಕೊಯ್ಯದೆ ಬಿಸಿಲಿನಲ್ಲಿದ್ದ ಕೊಂಬೆ: ಚೆನ್ನಾಗಿ ಹೂ, ರೋಗ ಇಲ್ಲ. ಕೊಯ್ದು ಬಿಸಿಲಿನಲ್ಲಿದ್ದದ್ದು ಶೆಡ್ಡಿನ ಪಕ್ಕದ ಒಂದು ಕಾಂಡ. ಅದರಲ್ಲಿ ಮೊಗ್ಗು ಆಗಷ್ಟೇ ಬಲಿಯುತ್ತಿತ್ತು. 3 ವಾರ ಕಾದೆವು. ಹೂ ಅರಳಿತು, ಆದರೆ ರೆಂಬೆ ಬಾಗಿ ಗೊಂಚಲು ಗೋಡೆಗೆ ಒರಗಿತು. ತುದಿಯ ಎಳೆ ಎಲೆಗಳಲ್ಲಿ ಸ್ವಲ್ಪ ಬೂದಿ ಇತ್ತು. ಕೊಯ್ಯದೆ ನೆರಳಿನಲ್ಲಿದ್ದದ್ದು ಕೆಳಗಡೆ ಅಡ್ಡಲಾಗಿ ಹೋದ ಒಂದು ಸಣ್ಣ ಕೊಂಬೆ. ಅದರಲ್ಲಿ ಹೂವೇ ಇಲ್ಲ, ಬೂದಿ ಸಾಧಾರಣ. ಕೊಯ್ದು ನೆರಳಿನಲ್ಲಿದ್ದವುಗಳ ಗತಿ ಮೊದಲೇ ಹೇಳಿದೆನಲ್ಲ, ಬೂದಿ ತುಂಬಿದ ಮೊಗ್ಗು.

ಹೀಗೆ ಓದಿದರೆ ಉತ್ತರ ಸ್ಪಷ್ಟವಾಗಿತ್ತು. ಹೂ ನಿಂತದ್ದಕ್ಕೆ ಮೊದಲ ಕಾರಣ ನೆರಳು. ಹೂ ತಡವಾಗಿದ್ದಕ್ಕೆ, ರೆಂಬೆ ಸೋತದ್ದಕ್ಕೆ, ಬೂದಿ ಹೆಚ್ಚಿದ್ದಕ್ಕೆ ಕಾರಣ ಪ್ರತಿ ವರ್ಷದ ಆ ಕೊಯ್ತ. ಎರಡೂ ಸೇರಿದ ಕಡೆ ಮರ ಸೋತೇ ಹೋಗಿತ್ತು. ಗೊಬ್ಬರ ಎಲ್ಲ ಕೊಂಬೆಗೂ ಒಂದೇ ಆದ್ದರಿಂದ ಕೊಂಬೆ ಕೊಂಬೆಯ ವ್ಯತ್ಯಾಸಕ್ಕೆ ಅದು ಕಾರಣ ಅಲ್ಲ. ಆದರೆ ಬೆಂಕಿಗೆ ತುಪ್ಪ ಸುರಿದಿತ್ತು.

ಒಂದರಿಂದ ಒಂದು ಹುಟ್ಟಿದ್ದು

ಇದು ಹೇಗೆ ನಡೆಯಿತು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ದಪ್ಪ ಕಾಂಡವನ್ನು ನಡುವೆ ಕೊಯ್ದರೆ ಮರ ತನ್ನ ತಲೆಯನ್ನೇ ಕಳೆದುಕೊಳ್ಳುತ್ತದೆ. ಬೇರು ಮಾತ್ರ ಹಾಗೇ ಇರುತ್ತದೆ. ಆ ಬೇರಿನ ಬಲವೆಲ್ಲ ಕೊಯ್ದ ಜಾಗದ ಸುತ್ತ ನುಗ್ಗುತ್ತದೆ. ಒಂದೇ ಕಡೆಯಿಂದ ಪೊರಕೆ ಕಟ್ಟಿನ ಹಾಗೆ ರೆಂಬೆಗಳು ಏಳುತ್ತವೆ. ಪ್ರತಿ ವರ್ಷ ಅದೇ ಜಾಗದಲ್ಲಿ ಕೊಯ್ದರೆ ಅಲ್ಲಿ ಗಂಟು ಕಟ್ಟುತ್ತದೆ. ಈ ಮರದಲ್ಲಿ ಒಂದೊಂದು ಗಂಟು ಬಿಗಿದ ಮುಷ್ಟಿಯಷ್ಟಿತ್ತು. ಒಂದರ ಮೇಲೆ ಎಣಿಸಿದೆ, 14 ರೆಂಬೆ.

ಈ ರೆಂಬೆಗಳು ಒಳಗಿನ ಗಟ್ಟಿ ಮರಕ್ಕೆ ಬೇರೂರಿದವಲ್ಲ, ಹೊರಗೆ ಅಂಟಿಕೊಂಡ ಹಾಗೆ ಹುಟ್ಟಿದವು. ಅದಕ್ಕೇ ಭಾರ ಬಿದ್ದಾಗ ಸೀಳುತ್ತವೆ. ಇಷ್ಟು ಉದ್ದ ಬೆಳೆದು ಆಮೇಲೆ ಹೂ ಬಿಡಬೇಕಾದ್ದರಿಂದ ಹೂ ತಡ. 14 ರೆಂಬೆ ಒತ್ತೊತ್ತಾಗಿ ನಿಂತರೆ ಒಳಗೆ ಗಾಳಿ ಆಡುವುದಿಲ್ಲ, ಒಂದರ ನೆರಳು ಇನ್ನೊಂದಕ್ಕೆ. ಎಲ್ಲ ಎಲೆಯೂ ಎಳಸು.

ಬೂದಿ ರೋಗಕ್ಕೆ ಬೇಕಾದದ್ದು ಇದೇ. ಈ ಮರಕ್ಕೆ ಬರುವ ಬೂದಿ ಎರಿಸೈಫೆ ಕುಲದ ಶಿಲೀಂಧ್ರದಿಂದ. ಬೇರೆ ಎಷ್ಟೋ ಶಿಲೀಂಧ್ರಗಳಿಗೆ ಎಲೆ ಒದ್ದೆಯಾಗಬೇಕು, ಇದಕ್ಕೆ ಬೇಡ. ಗಾಳಿಯಲ್ಲಿ ತೇವ ಇದ್ದರೆ ಸಾಕು. ನೆರಳು, ಒತ್ತಾದ ಎಳೆ ಚಿಗುರು, ನಿಂತ ಗಾಳಿ, ಇದಿಷ್ಟು ಸಿಕ್ಕರೆ ಔಷಧಿ ಹೊಡೆದರೂ ಮತ್ತೆ ಬರುತ್ತದೆ. ಚಳಿಗಾಲದಲ್ಲಿ ಮೊಗ್ಗಿನ ಪದರದಲ್ಲಿ ಅಡಗಿ ಕೂತು, ಚಿಗುರಿನ ಜೊತೆಗೇ ಏಳುತ್ತದೆ. ಬುಡದಿಂದ ಏಳುವ ಎಳೆ ಚಿಗುರುಗಳ ಮೇಲೆ ಮೊದಲು ಕಾಣಿಸಿಕೊಳ್ಳುತ್ತದೆ, ಅಲ್ಲಿಂದ ಮೇಲೆ ಹರಡುತ್ತದೆ. ಈ ಮರದ ಬುಡದಲ್ಲಿ ಅಂಥ ಚಿಗುರುಗಳ ಪೊದೆಯೇ ಇತ್ತು.

ಕಪ್ಪು ಮಸಿಯದು ಬೇರೆ ದಾರಿ. ಎಲೆ ತಿರುಗಿಸಿದರೆ ಹಿಂದೆ ನಸು ಹಳದಿ ಬಣ್ಣದ, ಮೈ ಮೇಲೆ ಕಪ್ಪು ಚುಕ್ಕೆ ಇರುವ ಸಣ್ಣ ಹೇನುಗಳು. ಇವು ಕ್ರೇಪ್ ಮರ್ಟಲ್‌ಗೇ ಮೀಸಲಾದ ಜಾತಿ. ಎಲೆಯ ರಸ ಹೀರಿ ಸಿಹಿಯಾದ ಅಂಟು ಬಿಡುತ್ತವೆ. ಆ ಅಂಟಿನ ಮೇಲೆ ಮಸಿಯಂಥ ಶಿಲೀಂಧ್ರ ಬೆಳೆಯುತ್ತದೆ. ಹೆಬ್ಬೆರಳು ಒದ್ದೆ ಮಾಡಿ ಉಜ್ಜಿದೆ. ಮಸಿ ಬೆರಳಿಗೆ ಬಂತು, ಕೆಳಗೆ ಹಸಿರು ಎಲೆ ಕಂಡಿತು. ಅಕ್ಕನಿಗೆ ಅದೇ ದೊಡ್ಡ ಸಮಾಧಾನ. ಎಲೆ ಕೊಳೆತಿದೆ ಅಂದುಕೊಂಡಿದ್ದರು. ಸಾರಜನಕ ಜಾಸ್ತಿಯಾದರೆ ಎಲೆ ಮೆತ್ತಗೆ ರಸಭರಿತವಾಗುತ್ತದೆ, ಹೇನು ಹೆಚ್ಚುತ್ತದೆ. ಕೀಟದ ಔಷಧಿ ಹೊಡೆದರೆ ಹೇನಿನ ಜೊತೆ ಅದನ್ನು ತಿನ್ನುವ ಗುಲಗಂಜಿ ಹುಳವೂ ಸಾಯುತ್ತದೆ. ಹೇನು ಬೇಗ ವಾಪಸ್ ಬರುತ್ತದೆ, ಗುಲಗಂಜಿ ಹುಳ ತಡವಾಗಿ.

ಮಸಿ ಕಂಡಾಗ ಇನ್ನೊಂದನ್ನೂ ನೋಡಲೇಬೇಕು. ತೊಗಟೆಗೆ ಅಂಟಿಕೊಳ್ಳುವ ಶಲ್ಕ ಕೀಟ ಒಂದಿದೆ. ಅಮೆರಿಕದ ಟೆಕ್ಸಸ್‌ನಲ್ಲಿ 2004ರಲ್ಲಿ ಕಾಣಿಸಿಕೊಂಡು ಅಲ್ಲಿನ ಕ್ರೇಪ್ ಮರ್ಟಲ್‌ಗಳಿಗೆ ದೊಡ್ಡ ತಲೆನೋವಾಯಿತು. ಕಾಂಡದ ಕವಲುಗಳಲ್ಲಿ ಬಿಳಿ ಹತ್ತಿಯ ತುಣುಕಿನ ಹಾಗೆ ಕಾಣುತ್ತದೆ. ಉಗುರಿನಿಂದ ಒತ್ತಿದರೆ ಗುಲಾಬಿ ರಸ ಬರುತ್ತದೆ. ಎಲ್ಲ ಕವಲುಗಳನ್ನೂ ಹುಡುಕಿದೆವು, ಇರಲಿಲ್ಲ.

"ತೊಗಟೆ ಸುಲಿದು ಬೀಳ್ತಿದೆಯಲ್ಲ, ಅದಕ್ಕೇನು?" ಅಂತ ಅಕ್ಕ ಕೇಳಿದರು. ಅದು ರೋಗ ಅಲ್ಲ, ಈ ಮರದ ಚೆಂದವೇ ಅದು. ಹಳೆಯ ತೊಗಟೆ ತೆಳ್ಳಗೆ ಉದುರಿ ಒಳಗಿನಿಂದ ಬೂದು, ಕಂದು, ನಸುಗೆಂಪು ಬಣ್ಣಗಳ ನುಣುಪಾದ ಮೈ ಬರುತ್ತದೆ. ಜಪಾನಿನಲ್ಲಿ ಇದಕ್ಕೆ ಮಂಗ ಜಾರುವ ಮರ ಅನ್ನುವ ಅರ್ಥದ ಹೆಸರೇ ಇದೆ. ಎಲೆ ಉದುರಿದ ಮೇಲೆ ಕಾಂಡವನ್ನು ಅಂಗೈಯಿಂದ ಸವರಿ ನೋಡಿ ಅಂತ ಅಕ್ಕನಿಗೆ ಹೇಳಿದ್ದೆ. ಅವರು ಈಗ ಮನೆಗೆ ಬಂದವರಿಗೆಲ್ಲ ಮುಟ್ಟಿಸುತ್ತಾರೆ.

ಏನು ಮಾಡಿದೆವು

ಬೇಸಿಗೆಯಲ್ಲಿ ಕತ್ತರಿ ಮುಟ್ಟಲಿಲ್ಲ. ಸಾರಜನಕದ ಗೊಬ್ಬರ ನಿಲ್ಲಿಸಿದೆವು. ಮರದ ಸುತ್ತ ಹುಲ್ಲು ತೆಗೆದು, ಒಣ ಎಲೆಯ ಹೊದಿಕೆ ಹಾಸಿದೆವು. ಬುಡಕ್ಕೆ ಏರಿಸಿದ್ದ ಗೊಬ್ಬರ, ಮಣ್ಣನ್ನು ಪಕ್ಕಕ್ಕೆ ಎಳೆದು ಕಾಂಡದ ಬುಡ ಗಾಳಿಗೆ ತೆರೆದೆವು. ದಿನಾ ನೀರು ಬಿಡುವುದನ್ನು ಬಿಟ್ಟು, ಮಣ್ಣು ಒಣಗಿದ ಮೇಲೆ ವಾರಕ್ಕೊಮ್ಮೆ ಆಳಕ್ಕೆ ಇಳಿಯುವ ಹಾಗೆ ಕೊಟ್ಟೆವು. ಬೇರು ಹಿಡಿದ ಕ್ರೇಪ್ ಮರ್ಟಲ್ ಒಣ ಹವೆಯನ್ನು ಚೆನ್ನಾಗಿ ತಡೆಯುತ್ತದೆ. ಹೇನಿಗೆ ಪೈಪಿನ ನೀರನ್ನು ಎಲೆಯ ಹಿಂಬದಿಗೆ ಜೋರಾಗಿ ಹೊಡೆದದ್ದು ಬಿಟ್ಟರೆ ಬೇರೆ ಏನೂ ಇಲ್ಲ. ಬುಡದ ಚಿಗುರುಗಳನ್ನು ಎಳಸಾಗಿರುವಾಗಲೇ ಕೈಯಿಂದ ಕಿತ್ತೆವು. ಕತ್ತರಿಸಿದರೆ ಅದೇ ಜಾಗದಿಂದ ಮತ್ತೆ ಏಳುತ್ತವೆ, ಕಿತ್ತರೆ ಕಡಿಮೆ.

ಮಳೆ ಕಳೆದು ಚಳಿ ಶುರುವಾಗುವ ಹೊತ್ತಿಗೆ ಭಾವನವರಿಗೆ ಕೈ ತುರಿಸಿತು, ಈಗಲೇ ಸವರಿಬಿಡೋಣ ಅಂದರು. ಬೇಡ ಅಂದೆ. ಆಗ ಕತ್ತರಿಸಿದರೆ ಮರ ಮತ್ತೆ ಚಿಗುರಲು ನೋಡುತ್ತದೆ, ಆ ಎಳೆ ಚಿಗುರನ್ನು ಚಳಿ ಸುಡುತ್ತದೆ. ಚಳಿಯ ಕೊನೆಗೆ, ಚಿಗುರು ಏಳುವ ಸ್ವಲ್ಪ ಮೊದಲು ಸರಿಯಾದ ಸಮಯ.

ಆ ಸಮಯ ಬಂದಾಗ ನಮ್ಮ ಮುಂದೆ 2 ದಾರಿ ಇದ್ದವು. ಇಡೀ ಮರವನ್ನು ನೆಲಮಟ್ಟಕ್ಕೆ ಕೊಯ್ದು, ಹೊಸದಾಗಿ ಏಳುವ ಚಿಗುರುಗಳಲ್ಲಿ 3-4 ಉಳಿಸಿಕೊಂಡು ಮರವನ್ನು ಮೊದಲಿನಿಂದ ಕಟ್ಟುವುದು ಒಂದು. ಕ್ರೇಪ್ ಮರ್ಟಲ್‌ಗೆ ಅಷ್ಟು ಶಕ್ತಿ ಇದೆ, ಬುಡದಿಂದ ಎದ್ದೇ ಏಳುತ್ತದೆ. ಗಂಟುಗಳನ್ನು ಒಂದೊಂದಾಗಿ ಸರಿಪಡಿಸುವುದು ಇನ್ನೊಂದು. ಅದಕ್ಕೆ 2-3 ವರ್ಷ ಹಿಡಿಯುತ್ತದೆ, ಆದರೆ ಮರ ಕಣ್ಣ ಮುಂದೆ ಇರುತ್ತದೆ. ಅಕ್ಕನಿಗೆ ಬರಿದಾದ ಮೂಲೆ ನೋಡಲು ಇಷ್ಟವಿರಲಿಲ್ಲ. ನಾವು ಎರಡನ್ನೂ ಬೆರೆಸಿದೆವು. 5 ಕಾಂಡಗಳಲ್ಲಿ 2ರ ಗಂಟು ಒಳಗೆ ಟೊಳ್ಳಾಗಿತ್ತು. ಅವನ್ನು ನೆಲಮಟ್ಟಕ್ಕೇ ತೆಗೆದೆವು. ಕಿಟಕಿಗೆ ತಾಗುತ್ತಿದ್ದದ್ದು ಅವುಗಳಲ್ಲೇ ಒಂದು. 4 ವರ್ಷ ಇಡೀ ಮರವನ್ನು ಕೊಯ್ಯಲು ಕಾರಣವಾದ ತೊಂದರೆ ಆ ಒಂದು ಕೊಯ್ತದಲ್ಲಿ ಮುಗಿಯಿತು.

ಉಳಿದ 3 ಕಾಂಡಗಳ ಪ್ರತಿ ಗಂಟಿನಲ್ಲೂ ಹೊರಗಡೆಗೆ ಮುಖ ಮಾಡಿದ, ದಪ್ಪಗಿನ 2 ರೆಂಬೆ ಉಳಿಸಿ ಬಾಕಿ ಎಲ್ಲವನ್ನೂ ಬುಡಕ್ಕೇ ಕತ್ತರಿಸಿದೆವು. ಈ ಕೆಲಸಕ್ಕೆ ಆತುರ ಬೇಡ. ಒಂದು ರೆಂಬೆ ತೆಗೆದು, 10 ಹೆಜ್ಜೆ ಹಿಂದೆ ಬಂದು ನೋಡಿ, ಆಮೇಲೆ ಇನ್ನೊಂದು. ಒಳಮುಖವಾಗಿ ಬೆಳೆದವು, ಒಂದಕ್ಕೊಂದು ಉಜ್ಜುವವು, ಒಣಗಿದವು ಹೋದವು. ಉಳಿಸಿದ ರೆಂಬೆಗಳ ತುದಿಯನ್ನು ಮೊಟಕು ಮಾಡಲಿಲ್ಲ. ಹಳೆಯ ಬೀಜದ ಕಾಯಿಗಳು ತುದಿಯಲ್ಲಿ ಹಾಗೇ ಇದ್ದವು. ಅವನ್ನು ತೆಗೆಯದಿದ್ದರೂ ಹೂವಿಗೆ ಅಡ್ಡಿಯಿಲ್ಲ. ಮುಗಿಸಿದಾಗ ಭಾವ, "ಏನೂ ಕತ್ತರಿಸಿದ ಹಾಗೇ ಇಲ್ವಲ್ಲ" ಅಂದರು. ಸರಿಯಾಗಿ ಸವರಿದ ಮರ ಹಾಗೇ ಕಾಣಬೇಕು.

ಪಡುವಣದ ದೊಡ್ಡ ಮರದ ಕೆಳಗಿನ ಕೊಂಬೆಗಳನ್ನು ಮರ ಹತ್ತುವ ಅನುಭವ ಇರುವವರಿಂದ ತೆಗೆಸಿದರು. ಮರುಬೇಸಿಗೆ ಅಕ್ಕನ ಮಗಳು ಮತ್ತೆ ಕಲ್ಲು ಇಟ್ಟು ನೋಡಿದಳು. ಅಂಗಳದ ಕಡೆಗೆ 5 ಗಂಟೆ. 6 ಬರಲಿಲ್ಲ. ಆ ದೊಡ್ಡ ಮರವನ್ನು ಇದಕ್ಕಾಗಿ ಕಡಿಯುವುದು ನನಗೆ ಒಪ್ಪಿಗೆ ಇರಲಿಲ್ಲ, ಅವರಿಗೂ ಇರಲಿಲ್ಲ.

ಫಲ

ಮೊದಲ ಬೇಸಿಗೆಯಲ್ಲಿ ಶೆಡ್ಡಿನ ಕಡೆ ಪೂರ್ತಿ ಹೂ. ಅಂಗಳದ ಕಡೆ ಎಲೆ ಚೆನ್ನಾಗಿತ್ತು, ಬೂದಿ ತುಂಬಾ ಇಳಿದಿತ್ತು, ಹೂ ಮಾತ್ರ ಅಲ್ಲೊಂದು ಇಲ್ಲೊಂದು. ಔಷಧಿ ಹೊಡೆಯಲೇ ಇಲ್ಲ. ಹೇನು ಬಂತು, ಜೊತೆಗೆ ಗುಲಗಂಜಿ ಹುಳವೂ ಬಂತು. ಮಸಿ ಕೆಳಗಿನ ಕೆಲವು ಎಲೆಗಳಿಗೆ ಸೀಮಿತವಾಯಿತು.

ಅಂಗಳದ ಕಡೆ ಅರಳಿದ ಮೊದಲ ಹೂವನ್ನು ಅಕ್ಕ ಕೈಯಲ್ಲಿಟ್ಟು ತೋರಿಸಿದರು. ಪ್ರತಿ ಎಸಳಿಗೂ ದಾರದಂಥ ತೆಳು ತೊಟ್ಟು, ಅದರ ತುದಿಯಲ್ಲಿ ಸುಕ್ಕುಸುಕ್ಕು ಎಸಳು. 6 ಎಸಳು ಸುತ್ತ ತೂಗುತ್ತವೆ. ನಡುವೆ ಹಳದಿ ಪರಾಗದ ಗಿಡ್ಡ ಕೇಸರಗಳ ಗುಂಪು. ಅವುಗಳ ಹೊರಗೆ 6 ಉದ್ದ ಕೇಸರಗಳು ಬಿಲ್ಲಿನ ಹಾಗೆ ಬಾಗಿರುತ್ತವೆ. ಈ ಹೂವಿನಲ್ಲಿ ಮಕರಂದ ಇಲ್ಲ. ಜೇನ್ನೊಣ ಹಳದಿ ಪರಾಗಕ್ಕೆ ಬರುತ್ತದೆ. ಅದು ನಡುವೆ ಕೂತು ತಿನ್ನುವಾಗ ಉದ್ದ ಕೇಸರಗಳ ಪರಾಗ ಮೈಗೆ ಮೆತ್ತಿಕೊಳ್ಳುತ್ತದೆ, ಮುಂದಿನ ಹೂವಿಗೆ ಹೋಗುತ್ತದೆ. ತಿನ್ನಲು ಒಂದು, ಬೀಜ ಕಟ್ಟಲು ಇನ್ನೊಂದು. ಎಷ್ಟು ಸಲ ನೋಡಿದರೂ ಇದು ನನಗೆ ಬೆರಗು.

ಎರಡನೇ ಚಳಿಗಾಲದಲ್ಲಿ ಪ್ರತಿ ಗಂಟಿನ 2 ರೆಂಬೆಗಳಲ್ಲಿ ಬಲವಾದ 1 ಉಳಿಸಿದೆವು. ಅದು ಈಗ ಮೆಲ್ಲಗೆ ಗಂಟನ್ನು ಮುಚ್ಚಿ ಕಾಂಡದ ಹಾಗೆ ದಪ್ಪವಾಗುತ್ತಿದೆ. ಎರಡನೇ ಬೇಸಿಗೆಯಲ್ಲಿ ಅಂಗಳದ ಕಡೆಯೂ ಹೂ ಬಂತು, ಜೋರು ಮಳೆಗೆ ಬಾಗಿದರೂ ಮುರಿಯಲಿಲ್ಲ. ಒಣಗಿದ ಗೊಂಚಲುಗಳನ್ನು ಕೈಗೆ ಸಿಕ್ಕಷ್ಟು ತೆಗೆದದ್ದಕ್ಕೆ ಕೆಲವು ರೆಂಬೆಗಳಲ್ಲಿ ಎರಡನೇ ಸಲವೂ ಅರಳಿತು. ಗಂಟಿನ ಗುರುತು ಇನ್ನೂ ಕಾಣುತ್ತದೆ, ಪೂರ್ತಿ ಹೋಗುವುದಿಲ್ಲ.

ಮೊದಲೇ ಗೊತ್ತಿದ್ದರೆ

ಇದೆಲ್ಲ ಶುರುವಾದದ್ದು ಕಿಟಕಿಯಿಂದ, ಅಲ್ಲ ಅಂದರೆ ಗಿಡ ಕೊಂಡ ದಿನದಿಂದ. ತಂದಾಗ ಅದು ಮೊಣಕಾಲೆತ್ತರ ಇತ್ತು. ಬೆಳೆದ ಮೇಲೆ ಎಷ್ಟಾಗುತ್ತದೆ ಅಂತ ಯಾರೂ ಕೇಳಲಿಲ್ಲ. ಕ್ರೇಪ್ ಮರ್ಟಲ್‌ನಲ್ಲಿ 3 ಅಡಿಗೇ ನಿಲ್ಲುವ ಕುಳ್ಳ ತಳಿ ಇದೆ, 30 ಅಡಿ ದಾಟುವ ತಳಿಯೂ ಇದೆ. 10 ಅಡಿಯ ಜಾಗಕ್ಕೆ 25 ಅಡಿಯ ತಳಿ ನೆಟ್ಟರೆ ಪ್ರತಿ ವರ್ಷ ಗರಗಸ ಹಿಡಿಯಬೇಕಾಗುತ್ತದೆ.

ರೋಗದ ವಿಷಯದಲ್ಲೂ ತಳಿಯ ಆಯ್ಕೆ ದೊಡ್ಡದು. ಜಪಾನಿನ ಯಾಕುಶಿಮಾ ದ್ವೀಪದಲ್ಲಿ ಲ್ಯಾಜರ್‌ಸ್ಟ್ರೋಮಿಯಾ ಫೌರಿಯೆ ಅನ್ನುವ ಬಿಳಿ ಹೂವಿನ ಇನ್ನೊಂದು ಜಾತಿ ಇದೆ. ಅದರ ಬೀಜವನ್ನು ಅಮೆರಿಕದ ಸಸ್ಯ ಸಂಗ್ರಾಹಕ ಜಾನ್ ಕ್ರೀಚ್ 1956ರಲ್ಲಿ ಅಮೆರಿಕಕ್ಕೆ ತಂದರು. ಅದಕ್ಕೆ ಬೂದಿ ರೋಗ ತಡೆಯುವ ಗುಣ ಇತ್ತು. ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಡೊನಾಲ್ಡ್ ಈಗೋಲ್ಫ್ ಅದನ್ನು ಇಂಡಿಕಾ ಜೊತೆ ಬೆರೆಸಿ ವರ್ಷಗಟ್ಟಲೆ ಕೆಲಸ ಮಾಡಿದರು. ನಾಚೆಜ್, ಮಸ್ಕೋಗೀ ತಳಿಗಳು 1978ರಲ್ಲಿ ಹೊರಬಂದವು. ನಾಚೆಜ್‌ನ ಹೂ ಬಿಳಿ, ತೊಗಟೆ ದಾಲ್ಚಿನ್ನಿ ಚಕ್ಕೆಯ ಬಣ್ಣ. ಹೊಸದಾಗಿ ನೆಡುವವರು ಇಂಥ ತಳಿ ಹುಡುಕುವುದು ಒಳ್ಳೆಯದು. ಆದರೆ ಅವಕ್ಕೂ ಬಿಸಿಲು ಬೇಕೇ ಬೇಕು. ನಾಚೆಜ್ ಎತ್ತರದ ಮರ ಅನ್ನುವುದೂ ನೆನಪಿರಲಿ.

ಇನ್ನೊಂದು ಕೆಲಸ ಮಾಡಿದ್ದೆವು. ಮೊದಲ ಚಳಿಗಾಲದಲ್ಲಿ ಕತ್ತರಿಸಿ ಹಾಕಿದ ರೆಂಬೆಗಳಲ್ಲಿ ಪೆನ್ಸಿಲ್ ದಪ್ಪದ 12 ಕಡ್ಡಿ ಆರಿಸಿ, ಗೇಣುದ್ದಕ್ಕೆ ಕತ್ತರಿಸಿ ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟೆ. ಬೀಜದಿಂದ ಬಂದ ಗಿಡ ತಾಯಿ ಮರದ ಹಾಗೇ ಇರುತ್ತದೆ ಅನ್ನಲಾಗುವುದಿಲ್ಲ, ಕಡ್ಡಿಯಿಂದ ಬಂದದ್ದು ಅದೇ ಮರ. ಬೂದಿ ತುಂಬಿ ಮೊಗ್ಗು ಒಣಗುತ್ತಿದ್ದ ಅಂಗಳದ ಕಡೆಯ ಕಡ್ಡಿಗಳನ್ನೇ ಬೇಕೆಂದು ಆರಿಸಿದ್ದೆ. 7 ಕಡ್ಡಿ ಬೇರು ಬಿಟ್ಟವು. ಒಂದನ್ನು ನಮ್ಮ ಮನೆಯ ಮುಂದೆ, ಬೆಳಗ್ಗೆಯಿಂದ ಸಂಜೆವರೆಗೆ ಬಿಸಿಲು ಬೀಳುವ ಕಡೆ ಇಟ್ಟೆ. ಎರಡನೇ ಬೇಸಿಗೆಗೆ ಅದಿನ್ನೂ ನನ್ನ ಮೊಣಕಾಲಿಗೆ ಬಂದಿರಲಿಲ್ಲ. ಒಂದು ಬೆಳಗ್ಗೆ ಅಕ್ಕ ಬೇಲಿಯ ಆಚೆಯಿಂದ ಕೂಗಿದರು, "ನಿಮ್ಮ ಗಿಡ ನೋಡಿದ್ರಾ?" ತುದಿಯಲ್ಲಿ ಒಂದು ಸಣ್ಣ ಗೊಂಚಲು ಅರಳಿತ್ತು, ಎಲೆ ಮೇಲೆ ಬೂದಿಯ ಒಂದು ಚುಕ್ಕೆಯೂ ಇರಲಿಲ್ಲ.